ಹಳೆಯ ಕಾರೂ ಅದರ ಸಂಖ್ಯೆಯೂ

ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ದಾರಿಯಲ್ಲಿ, ಪೇಟೆ ಇನ್ನೇನು ಮುಗಿಯಿತು ಎನ್ನುವಾಗ ಮಲವಗೊಪ್ಪ ಸಿಗುತ್ತದೆ. ಬೆಂಗಳೂರು–ಹೊನ್ನಾವರ ರಸ್ತೆಯೆಂಬ ಉದ್ದನೆಯ ಹೆಸರನ್ನು ಜನ ಬಿ.ಎಚ್. ರಸ್ತೆಯೆಂದು ಮೊಟಕು ಮಾಡಿಕೊಂಡಿದ್ದಾರೆ. ಆ ರಸ್ತೆ ಊರನ್ನು ಸೀಳಿಕೊಂಡು ಹೋಗುತ್ತದೆ. ಸಕ್ಕರೆ ಕಾರ್ಖಾನೆ ನಡೆಯುತ್ತಿದ್ದ ಕಾಲದಲ್ಲಿ ಇಲ್ಲಿ ಕಬ್ಬಿನ ಗಾಡಿಗಳ ಸಾಲು ನೋಡಿದ್ದವರು ಈಗ ಮೋಟಾರುಗಳ ಸಾಲನ್ನು ನೋಡುತ್ತಾರೆ. ಸಂಜೆಯ ಹೊತ್ತು ಬಸ್ಸಿಗಾಗಿ ಕಾದು ನಿಂತವನಿಗೆ ಓದಲು ಬೇರೆ ಪುಸ್ತಕ ಬೇಕಾಗಿಲ್ಲ. ಕಣ್ಣ ಮುಂದೆ ಹಾದುಹೋಗುವ ಸಂಖ್ಯಾಫಲಕಗಳೇ ಸಾಕಷ್ಟು ಸಂಗತಿಗಳನ್ನು ಹೇಳುತ್ತವೆ.

ಕೆಎ 14 ಎಂದರೆ ನಮ್ಮದೇ ಶಿವಮೊಗ್ಗ. 15 ಎಂದರೆ ಸಾಗರದ ಕಡೆಯದು. 17 ದಾವಣಗೆರೆ, 18 ಚಿಕ್ಕಮಗಳೂರು, 20 ಉಡುಪಿ. ಘಟ್ಟ ಹತ್ತಿ ಬಂದ ಮೀನಿನ ಲಾರಿಯನ್ನು ಮೂಗಿಗಿಂತ ಮೊದಲು ಈ ಇಪ್ಪತ್ತೇ ಗುರುತು ಹಿಡಿಯುತ್ತದೆ. 66 ಎಂದಿದ್ದರೆ ಪಕ್ಕದ ತರೀಕೆರೆಯದು. ದೂರದ ಊರಿನದೆಂದು ಮೋಸಹೋಗಬಾರದು. ಆ ಕಛೇರಿ ಈಚಿನದು, ಆದ್ದರಿಂದ ಸಂಖ್ಯೆ ದೊಡ್ಡದು, ಅಷ್ಟೆ. ಅಂಕಿಯ ಬೆನ್ನಿಗೆ ಎಫ್ ಎಂಬ ಅಕ್ಷರವಿದ್ದರೆ ರಾಜ್ಯ ಸಾರಿಗೆಯ ಬಸ್ಸು, ಜಿ ಎಂದಿದ್ದರೆ ಸರ್ಕಾರಿ ವಾಹನ. ನಾನು ಉಪಾಧ್ಯಾಯನಾಗಿದ್ದಾಗ ಚಿಕ್ಕ ಹುಡುಗರಿಗೆ ಜಿಲ್ಲೆಗಳ ಹೆಸರನ್ನು ಈ ಅಂಕಿಗಳ ಮೂಲಕವೇ ಕಲಿಸಿದ್ದುಂಟು. ಭೂಗೋಳದ ಪುಸ್ತಕದಲ್ಲಿ ನಿಲ್ಲದ ಹೆಸರು ಬಸ್ಸಿನ ಬೆನ್ನ ಮೇಲೆ ನಿಲ್ಲುತ್ತಿತ್ತು.

ಇಷ್ಟರ ನಡುವೆ, ತಿಂಗಳಿಗೊಮ್ಮೆಯೋ ಎರಡು ತಿಂಗಳಿಗೊಮ್ಮೆಯೋ, ಈ ಯಾವ ಲೆಕ್ಕಕ್ಕೂ ಸೇರದ ಒಂದು ಫಲಕ ಹಾದುಹೋಗುತ್ತದೆ. ಅದರಲ್ಲಿ ಜಿಲ್ಲೆಯ ಅಂಕಿಯಿಲ್ಲ. ಎಂವೈ ಎಂಬ ಎರಡಕ್ಷರ, ಅವುಗಳಿಗೆ ಅಂಟಿಕೊಂಡ ಮತ್ತೊಂದಕ್ಷರ, ಆಮೇಲೆ ನಾಲ್ಕಕ್ಕೆ ಮೀರದ ಅಂಕಿಗಳು. ಹುಡುಗರು ಅದನ್ನು ಹೊರರಾಜ್ಯದ ಗಾಡಿ ಎನ್ನುತ್ತಾರೆ. ಒಂದರ್ಥದಲ್ಲಿ ಅವರ ಮಾತು ನಿಜವೇ. ಅದು ಮೈಸೂರು ರಾಜ್ಯದ ಗಾಡಿ.

ಅಂಥದೊಂದು ಕಾರು ನಮ್ಮ ಮನೆತನದಲ್ಲಿಯೂ ಇರುವುದರಿಂದ ಈ ವಿಷಯವನ್ನು ಬರೆಯುವ ಧೈರ್ಯ ಮಾಡಿದ್ದೇನೆ. ನನ್ನ ಸೋದರಮಾವ 1966ರಲ್ಲಿ ಕೊಂಡ ಫಿಯಟ್ 1100 ಅದು. ಮುಂಬಯಿಯ ಪ್ರೀಮಿಯರ್ ಆಟೊಮೊಬೈಲ್ಸ್ ಕಾರ್ಖಾನೆ ತಯಾರಿಸುತ್ತಿದ್ದ ಈ ಕಾರೇ ಮುಂದೆ 1974ರಿಂದ ಪ್ರೀಮಿಯರ್ ಪದ್ಮಿನಿಯೆಂಬ ಹೆಸರು ತಳೆಯಿತು. ಮಾವನ ಮಟ್ಟಿಗೆ ಅದಕ್ಕೆ ಪದ್ಮಿನಿಯೂ ಇಲ್ಲ, ಫಿಯಟ್ಟೂ ಇಲ್ಲ. ಅದರ ಕೊನೆಯ ನಾಲ್ಕು ಅಂಕಿಗಳೇ ಅದರ ಹೆಸರು. “ನಾಳೆ ಭದ್ರಾವತಿಗೆ ಬಸ್ಸಿನಲ್ಲಿ ಬೇಡ, ಅದರಲ್ಲೇ ಹೋಗೋಣ” ಎಂದು ಹೇಳಿ ಅಂಕಿಯನ್ನು ಉಚ್ಚರಿಸುತ್ತಿದ್ದರು; ಮನೆಯ ಹಸುವನ್ನು ಹೆಸರು ಹಿಡಿದು ಕರೆದಂತೆ. ಅವರು 2022ರಲ್ಲಿ ತೀರಿಕೊಂಡರು. ಕಾರು ಮಲವಗೊಪ್ಪದ ಹಳೆಯ ಮನೆಯ ಕೊಟ್ಟಿಗೆಯಲ್ಲಿ ಉಳಿಯಿತು. ಅದನ್ನು ಏನು ಮಾಡಬೇಕೆಂಬ ಪ್ರಶ್ನೆಯೂ ಉಳಿಯಿತು.

ವಾಹನಕ್ಕೆ ಸಂಖ್ಯೆ ಕೊಡುವ ಪದ್ಧತಿ ಪ್ಯಾರಿಸ್ ನಗರದ ಪೋಲೀಸರದು. ಅವರು 1893ರಲ್ಲೇ ಮೋಟಾರುಗಾಡಿಗೆ ಫಲಕವಿರಬೇಕೆಂದು ಆಜ್ಞೆ ಹೊರಡಿಸಿದ್ದರು. ಬ್ರಿಟನ್ನಿನಲ್ಲಿ 1904ರ ಜನವರಿಯಿಂದ ಅದು ಕಡ್ಡಾಯವಾಯಿತು. ನಮ್ಮ ದೇಶದಲ್ಲಿ 1914ರ ಮೋಟಾರು ಕಾಯಿದೆಯ ನಂತರ 1939ರ ಕಾಯಿದೆ ಬಂದು, ಯಾವ ಪ್ರಾಂತಕ್ಕೆ ಯಾವ ಅಕ್ಷರಗಳೆಂಬುದನ್ನು ತನ್ನ ಅನುಬಂಧದಲ್ಲಿ ಪಟ್ಟಿಮಾಡಿತು. 1956ರ ನವೆಂಬರ್ 1ರ ಏಕೀಕರಣದ ಹಿಂದಿನ ದಿನದವರೆಗೆ ಕನ್ನಡ ಮಾತನಾಡುವ ಜಿಲ್ಲೆಗಳ ಮೋಟಾರುಗಳು ಮುಂಬಯಿ, ಮದರಾಸು, ಹೈದರಾಬಾದು, ಕೊಡಗು, ಮೈಸೂರು ಎಂಬ ಐದು ಸರ್ಕಾರಗಳ ಅಕ್ಷರಗಳನ್ನು ಹೊತ್ತು ಓಡುತ್ತಿದ್ದವು. ಆಮೇಲೆ ಹೊಸದಾಗಿ ನೋಂದಣಿಯಾದವಕ್ಕೆಲ್ಲ ಎಂವೈ. ಏಕೀಕರಣ ರಸ್ತೆಯ ಮೇಲೆ ಕಾಣಿಸಿಕೊಂಡದ್ದು ಹೀಗೆ, ಒಂದೊಂದೇ ಹೊಸ ಗಾಡಿಯ ರೂಪದಲ್ಲಿ.

1973ರಲ್ಲಿ ರಾಜ್ಯ ಕರ್ನಾಟಕವಾಯಿತು. ಆದರೆ ಫಲಕದ ಮೇಲಿನ ಮೈಸೂರು ಕೂಡಲೆ ಅಳಿಯಲಿಲ್ಲ. ಎಂವೈ ಮುಗಿದಲ್ಲಿ ಎಂಇ ಬಂತು, ಸಿಎ ಬಂತು. ರಾಜ್ಯದ ಹೆಸರಿಗೂ ಈ ಅಕ್ಷರಗಳಿಗೂ ಇದ್ದ ಸಂಬಂಧ ತೆಳುವಾಗುತ್ತ ಹೋಯಿತು. 1988ರ ಹೊಸ ಮೋಟಾರು ವಾಹನ ಕಾಯಿದೆ 1989ರ ಜುಲೈ 1ರಂದು ಜಾರಿಗೆ ಬಂದಾಗಲೇ ನಮಗೆ ಕೆಎ ಎಂಬ ಗುರುತೂ ಜಿಲ್ಲೆಗಳಿಗೆ ಅಂಕಿಗಳೂ ದೊರೆತದ್ದು. ಹಳೆಯ ಗಾಡಿಗಳು ಮಾತ್ರ ತಮ್ಮ ಮೊದಲಿನ ಸಂಖ್ಯೆಯನ್ನೇ ಉಳಿಸಿಕೊಂಡವು. ಇದು ಅನೇಕರಿಗೆ ತಿಳಿಯದ ವಿಚಾರ. ಎಂವೈ ಫಲಕದ ಕಾರನ್ನು ತಡೆದು “ಇದನ್ನು ಕೆಎ ಮಾಡಿಸಿಲ್ಲವೇಕೆ?” ಎಂದು ಕೇಳಿದವರನ್ನು ಮಾವ ಎದುರಿಸಿದ್ದುಂಟು. ಹಾಗೆ ಮಾಡಿಸಬೇಕಾಗಿಯೇ ಇಲ್ಲ. ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋಗಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ನಿಂತ ವಾಹನ ಹೊಸ ಸಂಖ್ಯೆ ಪಡೆಯಬೇಕು. ನಿಂತಲ್ಲೇ ನಿಂತು ರಾಜ್ಯದ ಹೆಸರು ಬದಲಾದುದನ್ನು ನೋಡಿದ ವಾಹನಕ್ಕೆ ಆ ಬಾಧ್ಯತೆಯಿಲ್ಲ.

ಫಲಕವೆಂದರೆ ಕಣ್ಣಿಗೆ ಕಾಣುವ ಭಾಗ. ಅದಕ್ಕೊಂದು ಕಾಲದಲ್ಲಿ ಕಲೆಯೂ ಇತ್ತು. ಸ್ವಂತದ ಕಾರಿಗೆ ಕರಿಯ ಹಲಗೆಯ ಮೇಲೆ ಬಿಳಿಯ ಅಕ್ಷರ, ಬಾಡಿಗೆಯ ಗಾಡಿಗೆ ಬಿಳಿಯ ಮೇಲೆ ಕರಿಯದು. ಗ್ಯಾರೇಜುಗಳ ಸಾಲಿನಲ್ಲಿ ಹಲಗೆ ಬರೆಯುವವನೊಬ್ಬ ಕುಳಿತಿರುತ್ತಿದ್ದ. ಕುಂಚವನ್ನು ಒಂದೇ ಉಸಿರಿನಲ್ಲಿ ತಿರುವಿ 8 ಎಂಬ ಅಂಕಿಯನ್ನು ಮುಗಿಸುವುದು ಅವನ ಹೆಮ್ಮೆ. ಹೊಸ ಶತಮಾನದ ಮೊದಲ ವರ್ಷಗಳಲ್ಲಿ ನಿಯಮ ತಲೆಕೆಳಗಾಯಿತು: ಸ್ವಂತದ್ದಕ್ಕೆ ಬಿಳಿಯ ಮೇಲೆ ಕರಿ, ಬಾಡಿಗೆಯದಕ್ಕೆ ಹಳದಿಯ ಮೇಲೆ ಕರಿ. ಅಕ್ಷರದ ಎತ್ತರ, ದಪ್ಪ, ನಡುವಣ ಅಂತರಗಳಿಗೆಲ್ಲ ಮಿಲಿಮೀಟರಿನ ಲೆಕ್ಕ. ಕಾರಿನ ಅಕ್ಷರ 65 ಮಿಲಿಮೀಟರು ಎತ್ತರ, 10 ಮಿಲಿಮೀಟರು ದಪ್ಪ.

ಇಲ್ಲಿ ಕನ್ನಡಿಗರ ಒಂದು ಹಳೆಯ ಕೊರಗನ್ನೂ ಹೇಳಬೇಕು. ಕೇಂದ್ರದ ನಿಯಮದ ಪ್ರಕಾರ ಫಲಕದ ಅಕ್ಷರಗಳು ಇಂಗ್ಲಿಷಿನವು, ಅಂಕಿಗಳು ಅರಬ್ಬಿಯವು. ಕನ್ನಡದ ಅಂಕಿಗಳಲ್ಲಿ ಸಂಖ್ಯೆ ಬರೆಸಿಕೊಂಡವರು ನಮ್ಮ ನಾಡಿನಲ್ಲಿ ಕಡಿಮೆಯಿಲ್ಲ. ಅದಕ್ಕಾಗಿ ದಂಡ ತೆತ್ತವರೂ ಇದ್ದಾರೆ. ಮಾವ ಒಂದು ಉಪಾಯ ಮಾಡಿದ್ದರು. ಫಲಕವನ್ನು ನಿಯಮದಂತೆ ಬರೆಸಿ, ಹಿಂದಿನ ಗಾಜಿನ ಮೂಲೆಯಲ್ಲಿ ಅದೇ ಅಂಕಿಗಳನ್ನು ಕನ್ನಡದಲ್ಲಿ ಸಣ್ಣದಾಗಿ ಬರೆಸಿಕೊಂಡಿದ್ದರು. ದಾರಿಯ ನಡುವೆ ಅಪಘಾತವಾದಾಗ ಗಾಡಿಯ ಸಂಖ್ಯೆಯನ್ನು ಓದಬೇಕಾದವನು ಯಾವ ನಾಡಿನವನೋ ಹೇಳಲಾಗದು ಎಂಬ ವಾದಕ್ಕೆ ನನ್ನಲ್ಲಿ ಉತ್ತರವಿಲ್ಲ. ಕನ್ನಡದ ಅಂಕಿ ಓದಬಲ್ಲ ಮಕ್ಕಳ ಸಂಖ್ಯೆ ಇಳಿಯುತ್ತಿರುವುದಕ್ಕೂ ನನ್ನಲ್ಲಿ ಸಮಾಧಾನವಿಲ್ಲ.

ಆ ವಾದವನ್ನೆಲ್ಲ ಈಚೆಗೆ ಯಂತ್ರವೇ ಬಗೆಹರಿಸಿತು. 2019ರ ಏಪ್ರಿಲ್ 1ರಿಂದ ಹೊಸ ವಾಹನಗಳು ಹೆಚ್ಚು ಭದ್ರತೆಯ ಫಲಕದೊಂದಿಗೇ ಹೊರಬರುತ್ತಿವೆ. ಅಲ್ಯೂಮಿನಿಯಮ್ಮಿನ ತಗಡು, ಮೇಲೆ ಅಶೋಕಚಕ್ರದ ಹೊಳೆಯುವ ಮುದ್ರೆ, ಎಡಗಡೆ ನೀಲಿಯಲ್ಲಿ ದೇಶದ ಗುರುತು, ಕೆಳಗೆ ಲೇಸರಿನಿಂದ ಕೊರೆದ ಹತ್ತಂಕಿಯ ಸಂಖ್ಯೆ, ಒಮ್ಮೆ ಕೂಡಿಸಿದರೆ ಮುರಿಯದೆ ಬಿಡಿಸಲಾಗದ ಕೀಲು. 2023ರ ಆಗಸ್ಟಿನಲ್ಲಿ ಕರ್ನಾಟಕ ಸರ್ಕಾರ ಹಳೆಯ ವಾಹನಗಳಿಗೂ ಇದನ್ನೇ ಕಡ್ಡಾಯ ಮಾಡಿ ನವೆಂಬರ್ 17ರ ಗಡುವು ಹಾಕಿತು. ಗಡುವು ಬಂತು, ಹೋಯಿತು. ಮತ್ತೆ ಮತ್ತೆ ಮುಂದಕ್ಕೆ ಹೋಗಿ 2025ನ್ನೂ ಮುಟ್ಟಿತು. ಕುಂಚದವನ ಕೆಲಸ ಅಲ್ಲಿಗೆ ಮುಗಿಯಿತು.

ಆದರೆ ಫಲಕ ಎಷ್ಟೇ ಭದ್ರವಾಗಿದ್ದರೂ ಅದು ವಾಹನದ ಗುರುತಲ್ಲ, ಗುರುತಿನ ನೆರಳು. ಗುರುತು ಇರುವುದು ಇನ್ನೆರಡು ಕಡೆ: ಕಬ್ಬಿಣದಲ್ಲಿ ಮತ್ತು ಕಾಗದದಲ್ಲಿ. ಚಾಸಿಸ್ ಎಂಬ ಅಡಿಗಟ್ಟಿನ ಮೇಲೆಯೂ ಎಂಜಿನಿನ ಮೇಲೆಯೂ ಕಾರ್ಖಾನೆಯವರು ಒತ್ತಿದ ಸಂಖ್ಯೆಗಳಿರುತ್ತವೆ. ನೋಂದಣಿ ಕಛೇರಿಯ ರಿಜಿಸ್ಟರಿನಲ್ಲಿ ಅವನ್ನು ಬರೆದು, ಅವುಗಳ ಎದುರಿಗೆ ಎಂವೈ ಮುಂತಾದ ಸಂಖ್ಯೆಯನ್ನು ಕಾಣಿಸಿರುತ್ತಾರೆ. ಒಡೆಯನ ಕೈಯಲ್ಲಿರುವ ಆರ್.ಸಿ. ಪುಸ್ತಕ ಆ ಸಾಲಿನದೇ ನಕಲು. ನಮ್ಮ ಭದ್ರಾವತಿ ಒಂದು ಕಾಲದಲ್ಲಿ ಕಬ್ಬಿಣವನ್ನೂ ಕಾಗದವನ್ನೂ ಒಟ್ಟಿಗೆ ತಯಾರಿಸಿದ ಊರು. ಮೈಸೂರು ಅರಸರ ಕಾಲದ ಕಬ್ಬಿಣದ ಕಾರ್ಖಾನೆಯ ಬಳಿ 1930ರ ದಶಕದಲ್ಲಿ ಮೈಸೂರು ಕಾಗದದ ಗಿರಣಿ ಎದ್ದಿತು. ಕಾಗದ ಬೇಗ ಹಾಳಾಗುವುದೆಂದೂ ಕಬ್ಬಿಣ ಬಾಳುವುದೆಂದೂ ನಾವು ತಿಳಿದಿರುತ್ತೇವೆ. ಹಳೆಯ ಕಾರಿನ ವಿಷಯದಲ್ಲಿ ಬಾಳು ಇರುವುದು ಕಾಗದದ ಕೈಯಲ್ಲಿ. ಕಾಗದದ ಸಾಲು ಅಳಿಸಿದರೆ, ಓಡುತ್ತಿರುವ ಕಬ್ಬಿಣ ಕೂಡ ಗುಜರಿಯೇ.

ಇದನ್ನು ನಾವು ಮಾವ ಹೋದ ಮೇಲೆ ಕಲಿತೆವು. ಕಾಯಿದೆ ಏನೆನ್ನುತ್ತದೆಂದರೆ: ಸ್ವಂತ ಬಳಕೆಯ ವಾಹನದ ನೋಂದಣಿಗೆ ಹದಿನೈದು ವರ್ಷದ ಆಯುಸ್ಸು. ಕಾಯಿದೆ ಬರುವ ಮೊದಲು ಕೊಟ್ಟ ಪತ್ರಕ್ಕೂ ಆಮೇಲೆ ಕೊಟ್ಟದ್ದಕ್ಕೂ ಇದೇ ಮಾತು. ಹದಿನೈದು ಮುಗಿದರೆ ವಾಹನ ಸತ್ತಿತೆಂದು ಅರ್ಥವಲ್ಲ. ಅನೇಕರು ಹಾಗೆಂದೇ ತಿಳಿದು ಒಳ್ಳೆಯ ಗಾಡಿಗಳನ್ನು ಗುಜರಿಗೆ ಹಾಕಿದ್ದಾರೆ. ಆಯುಸ್ಸು ಮುಗಿಯುವುದಕ್ಕೆ ಅರುವತ್ತು ದಿನಗಳ ಒಳಗೆ 25ನೆಯ ನಮೂನೆಯಲ್ಲಿ ಅರ್ಜಿ ಹಾಕಿ, ಗಾಡಿಯನ್ನು ತಪಾಸಣೆಗೆ ಒಪ್ಪಿಸಿದರೆ, ಐದು ವರ್ಷಗಳ ನವೀಕರಣ ಸಿಗುತ್ತದೆ. ಮತ್ತೆ ಐದು, ಮತ್ತೆ ಐದು. ಇದಕ್ಕೆ ಕಾಯಿದೆಯಲ್ಲಿ ಕೊನೆಯಿಲ್ಲ. ಮಾವ 2020ರಲ್ಲಿ ಕೊನೆಯ ಬಾರಿ ಮಾಡಿಸಿದ್ದರು. ಅದು 2025ಕ್ಕೆ ಮುಗಿಯುವಂಥದು.

ಒಡೆಯ ತೀರಿಕೊಂಡಾಗ ಬೇರೆಯದೇ ವಿಧಿ. ಹಕ್ಕುದಾರರು ಮೂವತ್ತು ದಿನಗಳ ಒಳಗೆ ಸಾವಿನ ಸುದ್ದಿಯನ್ನೂ ವಾಹನವನ್ನು ತಾವು ಬಳಸುವ ಉದ್ದೇಶವನ್ನೂ ಕಛೇರಿಗೆ ತಿಳಿಸಬೇಕು. ತಿಳಿಸಿದರೆ ಮೂರು ತಿಂಗಳು ಅದನ್ನು ತಮ್ಮದೆಂಬಂತೆ ಓಡಿಸಬಹುದು. ಅಷ್ಟರೊಳಗೆ 31ನೆಯ ನಮೂನೆಯಲ್ಲಿ ಹೆಸರು ಬದಲಾವಣೆಗೆ ಅರ್ಜಿ ಹಾಕಬೇಕು. ವೈಕುಂಠ ಸಮಾರಾಧನೆಯ ದಿನ ಎಲೆಯೆದುರು ಕುಳಿತ ನಮ್ಮಲ್ಲಿ ಒಬ್ಬರಿಗೂ ಕೊಟ್ಟಿಗೆಯ ಕಾರಿನ ನೆನಪಿರಲಿಲ್ಲ. ಮನೆ, ತೋಟ, ಬ್ಯಾಂಕಿನ ಪುಸ್ತಕಗಳ ಮಾತು ಮಾತ್ರ ಬಂತು. ಕಾರಿನ ಮಾತು ಬಂದದ್ದು ಮೂರು ವರ್ಷಗಳ ಮೇಲೆ, ಮಾವನ ಹಿರಿಯ ಮಗ ಮನೆ ರಿಪೇರಿಗೆ ತೊಡಗಿ ಕೊಟ್ಟಿಗೆ ತೆರವು ಮಾಡಬೇಕಾದಾಗ. ಗುಜರಿಯವನೊಬ್ಬ ಬಂದು ತೂಕದ ಲೆಕ್ಕದಲ್ಲಿ ಬೆಲೆ ಹೇಳಿದ. ಅತ್ತೆ ಒಳಗಿನಿಂದ ಬಂದು ಹೊಸ್ತಿಲ ಮೇಲೆ ನಿಂತರು; ಏನೂ ಹೇಳಲಿಲ್ಲ. ಗುಜರಿಯವನು ಮತ್ತೆ ಬರುತ್ತೇನೆಂದು ಹೋದ.

ಹೀಗೆ ನಾವು ಕಛೇರಿಯ ಮೆಟ್ಟಿಲು ಹತ್ತಿದೆವು. ಯಾವ ಕಛೇರಿಯೆಂಬುದು ಇಲ್ಲಿ ಮುಖ್ಯವಲ್ಲ. ಕಂಪ್ಯೂಟರಿನಲ್ಲಿ ಸಂಖ್ಯೆ ಒತ್ತಿದಾಗ ದಾಖಲೆ ಸಿಕ್ಕಿತು. ಮಾವನ ಹೆಸರೂ ಸಿಕ್ಕಿತು. ಚಾಸಿಸ್ ಸಂಖ್ಯೆಯ ಪೆನ್ಸಿಲ್ ಅಚ್ಚು ತರುವಂತೆ ಹೇಳಿದರು. ಈ ಅಚ್ಚನ್ನು ಓದುಗರಲ್ಲಿ ಕೆಲವರು ನೋಡಿರಬಹುದು. ಕಬ್ಬಿಣದ ಮೇಲಿನ ಅಂಕಿಗಳ ಮೇಲೆ ತೆಳುವಾದ ಕಾಗದವನ್ನಿಟ್ಟು ಮೆತ್ತನೆಯ ಪೆನ್ಸಿಲಿನಿಂದ ಉಜ್ಜಿದರೆ ಅಂಕಿಗಳು ಕಾಗದಕ್ಕೆ ಏಳುತ್ತವೆ. ಮಕ್ಕಳು ನಾಣ್ಯದ ಚಿತ್ರ ತೆಗೆಯುವ ರೀತಿಯೇ. ಶಾಸನ ಓದುವವರು ಕಲ್ಲಿನಿಂದ ಅಚ್ಚು ತೆಗೆಯುವುದನ್ನು ಇದೇ ಜಿಲ್ಲೆಯ ಬಳ್ಳಿಗಾವೆಯಲ್ಲಿ ನಾನು ಒಮ್ಮೆ ನೋಡಿದ್ದೆ. ಕೊಟ್ಟಿಗೆಯಲ್ಲಿ ಬಾನೆಟ್ಟಿನ ಕೆಳಗೆ ತಲೆಯಿಟ್ಟು, ಸೀಮೆಎಣ್ಣೆಯಲ್ಲಿ ತುಕ್ಕು ತೊಳೆದು, ಮಾವನ ಮಗನೂ ನಾನೂ ಒಂದು ಬೆಳಗಿನ ಹೊತ್ತನ್ನೆಲ್ಲ ಅದರಲ್ಲಿ ಕಳೆದೆವು.

ಅಚ್ಚಿನಲ್ಲಿ ಎದ್ದ ಅಂಕಿಗೂ ಕಂಪ್ಯೂಟರಿನ ಅಂಕಿಗೂ ತಾಳೆಯಾಗಲಿಲ್ಲ. ಎಲ್ಲವೂ ಸರಿ, ಒಂದೇ ಒಂದು ಕಡೆ, ಕಬ್ಬಿಣದಲ್ಲಿ 8 ಇದ್ದದ್ದು ದಾಖಲೆಯಲ್ಲಿ 3 ಆಗಿತ್ತು. ಹಳೆಯ ರಿಜಿಸ್ಟರಿನಿಂದ ಕಂಪ್ಯೂಟರಿಗೆ ಸಾಲುಗಳನ್ನು ಇಳಿಸುವಾಗ, ಮಾಸಿದ ಶಾಯಿಯಲ್ಲಿ ಎಂಟರ ಎಡಭಾಗ ಕಾಣದೆ ಹೋದದ್ದಿರಬೇಕು. ಹಿಂದಿನ ನವೀಕರಣದಲ್ಲಿ ಯಾರ ಕಣ್ಣಿಗೂ ಬೀಳದಿದ್ದ ತಪ್ಪು ಈಗ ಬಿತ್ತು. ಮೇಜಿನ ಆಚೆಗಿದ್ದವರು ಒರಟಾಗಿ ಏನೂ ಹೇಳಲಿಲ್ಲ. ಆದರೂ ಅವರು ಹೇಳಿದ್ದರ ತಾತ್ಪರ್ಯ ಇಷ್ಟು: ದಾಖಲೆಯಲ್ಲಿರುವ ಕಾರು ನಿಮ್ಮ ಬಳಿ ಇಲ್ಲ, ನಿಮ್ಮ ಬಳಿ ಇರುವ ಕಾರು ದಾಖಲೆಯಲ್ಲಿಲ್ಲ.

ಅವರನ್ನು ದೂರುವಂತಿಲ್ಲ. ಕದ್ದ ಗಾಡಿಗೆ ಸತ್ತ ಗಾಡಿಯ ಕಾಗದ ಹೊಂದಿಸುವುದು ಹಳೆಯ ವಿದ್ಯೆ. ಅದನ್ನು ತಡೆಯಲೆಂದೇ ಈ ತಾಳೆ. ಪರಿಚಿತರೊಬ್ಬರ ಅಂಬಾಸಿಡರಿಗೆ ಇದಕ್ಕಿಂತ ಕಷ್ಟ ಬಂದಿತ್ತು. ಪೆಟ್ರೋಲಿನ ಬೆಲೆ ಏರಿದಾಗ ಎಷ್ಟೋ ಜನ ಮಾಡಿದಂತೆ ಅವರೂ ಮೂಲ ಎಂಜಿನನ್ನು ತೆಗೆಸಿ ಡೀಸೆಲಿನದನ್ನು ಕೂರಿಸಿದ್ದರು. ಎಂಜಿನು ಬದಲಾದರೆ ಅನುಮತಿ ಪಡೆದು ಪುಸ್ತಕದಲ್ಲಿ ಬರೆಸಬೇಕೆಂಬುದು ಕಾಯಿದೆ. ಅವರು ಬರೆಸಿರಲಿಲ್ಲ. ಪುಸ್ತಕದಲ್ಲಿ ಪೆಟ್ರೋಲು, ಗಾಡಿಯಲ್ಲಿ ಡೀಸೆಲು. ಬಣ್ಣ ಕೂಡ ಪುಸ್ತಕದಲ್ಲೊಂದು ಗಾಡಿಯದೊಂದು. ಆ ಕಾರು ಕೊನೆಗೂ ಊರ್ಜಿತವಾಗಲಿಲ್ಲ.

ನಮ್ಮನ್ನು ಉಳಿಸಿದ್ದು ಮಾವನ ಜೋಪಾನ. ಬಟ್ಟೆಯ ಬೆನ್ನಿನ ಆ ಹಳೆಯ ಆರ್.ಸಿ. ಪುಸ್ತಕವನ್ನು ಅವರು ಪಂಚಾಂಗಗಳ ನಡುವೆ ಇಟ್ಟಿದ್ದರು. ಅದರಲ್ಲಿ 1966ರ ಕೈಬರಹದಲ್ಲಿ ಎಂಟು ಎಂಟಾಗಿಯೇ ಇತ್ತು. ಪ್ರತಿ ನವೀಕರಣದ ಮೊಹರೂ ಅದರ ಕೆಳಗಿತ್ತು. ಅದನ್ನಾಧರಿಸಿ ಮೂಲ ರಿಜಿಸ್ಟರನ್ನು ಹುಡುಕಿಸಲು ಕೆಲವು ವಾರ ಹಿಡಿಯಿತು. ರಿಜಿಸ್ಟರು ಸಿಕ್ಕಿದ ದಿನ ನಮ್ಮನ್ನು ಕರೆದು ತೋರಿಸಿದರು. ನೀಲಿ ಶಾಯಿಯ ಆ ಸಾಲಿನಲ್ಲಿ ಮಾವನ ಹೆಸರು, ಅವರ ತಂದೆಯ ಹೆಸರು, ಮಲವಗೊಪ್ಪವೆಂಬ ಊರು. ಊರು ಅಂದು ಶಿವಮೊಗ್ಗಕ್ಕೆ ಹೊರಗೆ. ಇಂದು ನಗರದ ಒಳಗೆ. ಮಾವನ ಮಗ ಆ ಸಾಲನ್ನು ಬೆರಳಿನಿಂದ ಮುಟ್ಟಲು ಹೋಗಿ ಕೈ ಹಿಂದಕ್ಕೆ ತೆಗೆದುಕೊಂಡ.

ಇಂಥ ಫಜೀತಿ ನಮಗೊಬ್ಬರಿಗೇ ಬಂದದ್ದಲ್ಲ. ಬ್ರಿಟನ್ನಿನಲ್ಲಿ ಕೌಂಟಿಗಳ ಹಳೆಯ ರಿಜಿಸ್ಟರುಗಳನ್ನು ಬಿಟ್ಟು ಸ್ವಾನ್ಸಿ ಪಟ್ಟಣದ ಕಂಪ್ಯೂಟರಿಗೆ ದಾಖಲೆಗಳನ್ನು ಸೇರಿಸುವಾಗ ಒಡೆಯರಿಗೆ ಗಡುವು ಕೊಟ್ಟಿದ್ದರು. 1983ರಲ್ಲಿ ಬಾಗಿಲು ಮುಚ್ಚಿದಾಗ, ಕೊಟ್ಟಿಗೆಗಳಲ್ಲಿ ಮಲಗಿದ್ದ ಅಸಂಖ್ಯ ಹಳೆಯ ಕಾರುಗಳು ತಮ್ಮ ಸಂಖ್ಯೆಗಳನ್ನು ಕಳೆದುಕೊಂಡವು. ಮುಂದೆ ಅಲ್ಲಿನ ಸರ್ಕಾರವೇ ಒಂದು ದಾರಿ ಮಾಡಿಕೊಟ್ಟಿತು: ಹಳೆಯ ಪತ್ರ, ತೆರಿಗೆಯ ಚೀಟಿ ಮುಂತಾದ ಸಾಕ್ಷ್ಯವನ್ನು ಹಳೆಯ ಕಾರುಗಳ ಕ್ಲಬ್ಬುಗಳು ಪರಿಶೀಲಿಸಿ ಶಿಫಾರಸು ಮಾಡಿದರೆ ಮೂಲ ಸಂಖ್ಯೆಯನ್ನು ಹಿಂದಿರುಗಿಸುವುದು. ಹವ್ಯಾಸಿಗಳ ಮಾತಿಗೆ ಸರ್ಕಾರ ಇಷ್ಟು ಬೆಲೆ ಕೊಟ್ಟದ್ದು ನನಗೆ ಬಹಳ ಹಿಡಿಸಿತು. ನಮ್ಮಲ್ಲಿ ಹಳೆಯ ರಿಜಿಸ್ಟರುಗಳನ್ನು ಗೆದ್ದಲಿನಿಂದ ಕಾಪಾಡಿದ ಗುಮಾಸ್ತರೇ ಆ ಕ್ಲಬ್ಬುಗಳ ಕೆಲಸ ಮಾಡಿದ್ದಾರೆ. ಅವರಿಗೆ ಆ ಗೌರವ ಸಂದಿಲ್ಲ.

ತಿದ್ದುಪಡಿಯಾಯಿತು, ಹೆಸರೂ ಬದಲಾಯಿತು. ಆಗ ಎದ್ದದ್ದು ಇನ್ನೊಂದು ಪ್ರಶ್ನೆ. ಮಾವನ ಕಿರಿಯ ಮಗ ಬೆಂಗಳೂರಿನಲ್ಲಿರುವವನು, ವಿಷಯ ತಿಳಿದವನು. ಕಾರನ್ನು ವಿಂಟೇಜ್ ಎಂದು ನೋಂದಾಯಿಸೋಣವೆಂದ. 2021ರ ಜುಲೈ 15ರಂದು ಕೇಂದ್ರ ಸರ್ಕಾರ ಈ ವರ್ಗವನ್ನು ಮೊದಲ ಬಾರಿಗೆ ನಿಯಮಗಳಲ್ಲಿ ಸೇರಿಸಿತು. ಮೊದಲ ನೋಂದಣಿಯಿಂದ ಐವತ್ತು ವರ್ಷ ದಾಟಿದ, ಸ್ವಂತ ಬಳಕೆಯ, ಮೂಲ ರೂಪವನ್ನು ಉಳಿಸಿಕೊಂಡ ಎರಡು ಅಥವಾ ನಾಲ್ಕು ಚಕ್ರದ ವಾಹನ ಇದಕ್ಕೆ ಅರ್ಹ. ಚಾಸಿಸ್, ಮೈಕಟ್ಟು, ಎಂಜಿನುಗಳಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಹೊಸದಾಗಿ ನೋಂದಣಿಯಾಗುವುದಕ್ಕೆ ರಾಜ್ಯದ ಅಕ್ಷರಗಳ ಬೆನ್ನಿಗೆ ವಿಎ ಎಂಬ ಗುರುತುಳ್ಳ ಸಂಖ್ಯೆ, 20,000 ರೂಪಾಯಿ ಶುಲ್ಕ, ಹತ್ತು ವರ್ಷದ ಆಯುಸ್ಸು. ಮೊದಲೇ ಸಂಖ್ಯೆಯಿರುವ ವಾಹನ ತನ್ನ ಹಳೆಯ ಸಂಖ್ಯೆಯನ್ನೇ ಇಟ್ಟುಕೊಳ್ಳಬಹುದು. ಎಂವೈ ಉಳಿಯುತ್ತದೆ, ಮರ್ಯಾದೆಯೂ ಸಿಗುತ್ತದೆ.

ಇದರಲ್ಲಿ ಒಂದು ತೊಡಕಿದೆ. ವಿಂಟೇಜ್ ಆದ ವಾಹನವನ್ನು ದಿನನಿತ್ಯದ ಓಡಾಟಕ್ಕಾಗಲಿ ವ್ಯಾಪಾರಕ್ಕಾಗಲಿ ರಸ್ತೆಗಿಳಿಸುವಂತಿಲ್ಲ. ಪ್ರದರ್ಶನಕ್ಕೆ, ಹಳೆಯ ಕಾರುಗಳ ಮೆರವಣಿಗೆಗೆ, ತಾಂತ್ರಿಕ ಸಂಶೋಧನೆಗೆ, ಎಣ್ಣೆ ಹಾಕಿಸಲು, ದುರಸ್ತಿಗೆ ಹೊರಗೆ ತರಬಹುದು. ಧರ್ಮಸ್ಥಳದಲ್ಲಿ ಡಾ. ವೀರೇಂದ್ರ ಹೆಗ್ಗಡೆಯವರು ಕೂಡಿಸಿರುವ ಕಾರುಗಳನ್ನು ನೋಡಿದವರಿಗೆ ಇಂಥ ವ್ಯವಸ್ಥೆಯ ಬೆಲೆ ತಿಳಿಯುತ್ತದೆ. ಅಲ್ಲಿ ಹೊಳೆಯುವ ಆ ವಾಹನಗಳಿಗೆ ನಿತ್ಯದ ಧೂಳು ಬೇಕಾಗಿಲ್ಲ. ಆದರೆ ನಮ್ಮ ಕಾರು ರಾಜರದಲ್ಲ, ದಿವಾನರದಲ್ಲ. ಅಡಿಕೆಯ ಮೂಟೆಯನ್ನೂ ಬಾಣಂತಿಯನ್ನೂ ಹೊತ್ತು ಓಡಿದ್ದು. ಹಾಗಾದರೆ ಅದಕ್ಕೆ ಯಾವುದು ಲೇಸು: ಗೌರವದ ನಿವೃತ್ತಿಯೋ, ಸಾಧಾರಣವಾದ ಬಾಳೋ?

ಸಾಧಾರಣ ಬಾಳಿನ ಬೆಲೆಯೂ ಈಚೆಗೆ ಏರಿದೆ. 2022ರ ಏಪ್ರಿಲಿನಿಂದ ಹದಿನೈದು ದಾಟಿದ ಕಾರಿನ ನವೀಕರಣ ಶುಲ್ಕ 5,000 ರೂಪಾಯಿಯಾಗಿತ್ತು. 2025ರ ಆಗಸ್ಟಿನಲ್ಲಿ, ಇಪ್ಪತ್ತು ವರ್ಷ ಮೀರಿದವಕ್ಕೆ 10,000 ಎಂದಾಯಿತು. ಮೋಟಾರ್ ಸೈಕಲ್ಲಿಗೆ 2,000. ಹೊರದೇಶದಿಂದ ತರಿಸಿದ ಕಾರಿಗೆ 80,000. ನಮ್ಮ ಅರ್ಜಿ ಎಂಟು–ಮೂರರ ಜಗಳದಲ್ಲಿ ಸಿಕ್ಕದೆ ಮೊದಲೇ ಹೋಗಿದ್ದರೆ ಅರ್ಧ ಹಣ ಉಳಿಯುತ್ತಿತ್ತು. ಅದರ ಮೇಲೆ ಹಸಿರು ತೆರಿಗೆ, ವಿಮೆ, ಹೊಗೆಯ ಪರೀಕ್ಷೆ. ಹಳೆಯದನ್ನು ರಸ್ತೆಯಿಂದ ತೆಗೆಸುವುದೇ ಸರ್ಕಾರದ ಇಂಗಿತವೆಂಬುದರಲ್ಲಿ ಗುಟ್ಟೇನೂ ಇಲ್ಲ. ದೆಹಲಿಯ ಸುತ್ತಿನಲ್ಲಿ ಹತ್ತು ವರ್ಷದ ಡೀಸೆಲ್ ಗಾಡಿಗೂ ಹದಿನೈದು ವರ್ಷದ ಪೆಟ್ರೋಲ್ ಗಾಡಿಗೂ 2018ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ತಡೆ ಹಾಕಿತ್ತು. ಹಳೆಯ ಎಂಜಿನು ಹೆಚ್ಚು ಹೊಗೆಯುಗುಳುತ್ತದೆಂಬುದು ಸುಳ್ಳಲ್ಲ. ಹಳೆಯ ಕಾರನ್ನು ಮೆಚ್ಚುವವರು ಈ ಮಾತನ್ನು ನುಂಗಿಕೊಂಡು ಮುಂದೆ ಹೋಗುವುದು ನನಗೆ ಸರಿಕಾಣದು. ಆದರೆ ವಾರಕ್ಕೊಮ್ಮೆ ಹೊರಡುವ ಒಂದು ಫಿಯಟ್ಟಿನ ಹೊಗೆಯನ್ನೂ, ಹಗಲಿರುಳು ಓಡುವ ಲಾರಿಯ ಹೊಗೆಯನ್ನೂ ವಯಸ್ಸೊಂದರಿಂದಲೇ ಅಳೆಯುವುದು ಒರಟು ಲೆಕ್ಕ. ಹೊಗೆಯನ್ನೇ ಅಳೆಯುವ ಯಂತ್ರವಿರುವಾಗ ಹುಟ್ಟಿದ ದಿನವನ್ನೇಕೆ ಕೇಳಬೇಕು?

ಅಣ್ಣತಮ್ಮಂದಿರ ನಡುವೆ ಈ ವಾದ ಎರಡು ಭಾನುವಾರ ನಡೆಯಿತು. ವಿಂಟೇಜ್ ಆದರೆ ಬೆಲೆ ಹೆಚ್ಚುತ್ತದೆಂದು ಕಿರಿಯವನು. ಮಾರುವವರು ಯಾರೆಂದು ಹಿರಿಯವನು. ಮೂರನೆಯ ದಾರಿಯೂ ಒಂದಿತ್ತು. 2021ರ ನಿಯಮಗಳ ಪ್ರಕಾರ ನೋಂದಣಿಯಾದ ಗುಜರಿ ಕೇಂದ್ರಕ್ಕೆ ಒಪ್ಪಿಸಿ ಪತ್ರ ಪಡೆಯುವುದು. ಅಲ್ಲಿ ಗಾಡಿಯನ್ನು ಒಡೆದು, ದಾಖಲೆಯ ಸಾಲಿಗೂ ಗೆರೆ ಎಳೆಯುತ್ತಾರೆ. ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಕೊನೆಗೆ ಅತ್ತೆ ಕೇಳಿದ್ದು ಒಂದೇ ಮಾತು: “ವಿಂಟೇಜು ಮಾಡಿಸಿದರೆ ನಾನು ಅದರಲ್ಲಿ ಭದ್ರಾವತಿಯ ಅಕ್ಕನ ಮನೆಗೆ ಹೋಗಬಹುದೋ?” ನಿಯಮ ಓದಿಕೊಂಡಿದ್ದ ಕಿರಿಯವನೇ ಇಲ್ಲವೆಂದು ಹೇಳಬೇಕಾಯಿತು. ವಾದ ಅಲ್ಲಿಗೆ ಮುಗಿಯಿತು.

ತಪಾಸಣೆಯ ದಿನ ಕಾರನ್ನು ಎಳೆಸಿಕೊಂಡು ಹೋಗದೆ ಓಡಿಸಿಕೊಂಡೇ ಹೋಗುವಷ್ಟು ಮಟ್ಟಿಗೆ ಮೆಕ್ಯಾನಿಕ್ಕು ಅದನ್ನು ಎಬ್ಬಿಸಿದ್ದ. ಇನ್ಸ್‌ಪೆಕ್ಟರು ತರುಣರು, ಅವರ ವಯಸ್ಸಿನ ಎರಡರಷ್ಟು ಕಾರಿನ ವಯಸ್ಸು. ದೀಪ, ಹಾರನ್ನು, ಬ್ರೇಕು ನೋಡಿದರು. ಅಚ್ಚನ್ನು ಕಬ್ಬಿಣದ ಪಕ್ಕಕ್ಕೆ ಹಿಡಿದು ಅಂಕಿ ಅಂಕಿಯಾಗಿ ಓದಿದರು. ಎಂಟು ಬಂದಾಗ ನಾವಿಬ್ಬರೂ ಉಸಿರು ಹಿಡಿದಿದ್ದೆವು. ಅವರು ತಲೆಯೆತ್ತದೆ ಮುಂದಿನ ಅಂಕಿಗೆ ಹೋದರು. ಆಮೇಲೆ ಒಮ್ಮೆ ಓಡಿಸಿ ನೋಡಬೇಕೆಂದರು. ಸ್ಟೀರಿಂಗಿನ ಪಕ್ಕದಲ್ಲಿರುವ ಗೇರಿನ ಕೋಲು ಅವರಿಗೆ ಹೊಸದು, ಮಾವನ ಮಗ ಪಕ್ಕದಲ್ಲಿ ಕುಳಿತು ತೋರಿಸಿದ.

ಈಗ ಕಾರಿಗೆ ಹೊಸ ಫಲಕ ಬಂದಿದೆ. ಹೊಳೆಯುವ ತಗಡು, ಅಶೋಕಚಕ್ರ, ಲೇಸರಿನ ಅಂಕಿ, ಅವುಗಳ ನಡುವೆ ಎಂವೈ. ಹಿಂದಿನ ಗಾಜಿನ ಮೂಲೆಯ ಕನ್ನಡದ ಅಂಕಿಗಳನ್ನು ಒರಸಬಾರದೆಂದು ಅತ್ತೆ ಮೊದಲೇ ಹೇಳಿದ್ದರು. ಕಳೆದ ವಾರ ಅವರು ಭದ್ರಾವತಿಗೆ ಹೋಗಿಬಂದರು. ಮಲವಗೊಪ್ಪದ ನಿಲುಗಡೆಯಲ್ಲಿ ಕಾದು ನಿಂತಿದ್ದ ಹುಡುಗನೊಬ್ಬ ಫಲಕ ನೋಡಿ, ಇದು ಯಾವ ರಾಜ್ಯದ ಗಾಡಿಯೆಂದು ಪಕ್ಕದವನನ್ನು ಕೇಳಿದನಂತೆ. ಮುಂದಿನ ನವೀಕರಣ 2030ಕ್ಕೆ.